ಕೋನೋನನ ಹೆಸರಿದ್ದ ದಂತದ ಹಲಗೆ

ಅಸ್ತೇರಿಯೋಸನಿಗೆ ಮುಖ ಕೆತ್ತುವುದೆಂದರೆ ಬೇಸರ. ಅದನ್ನು ಗಿರಾಕಿಗಳ ಎದುರಿಗೇ ಹೇಳಿಬಿಡುತ್ತಿದ್ದ. ಕಾನ್‌ಸ್ಟಾಂಟಿನೋಪಲಿನಲ್ಲಿ ಪ್ರತಿ ವರ್ಷ ಜನವರಿಯ ಮೊದಲ ದಿನ ಹೊಸ ಕಾನ್ಸಲ್, ಅಂದರೆ ಚಕ್ರವರ್ತಿ ನೇಮಿಸುವ ದೊಡ್ಡ ಅಧಿಕಾರಿ, ಪಟ್ಟಕ್ಕೆ ಬರುತ್ತಾನೆ. ಬಂದವನು ತನ್ನ ಚಿತ್ರ ಕೆತ್ತಿದ, ಪುಸ್ತಕದಂತೆ ಮಡಚುವ ಆನೆದಂತದ ಜೋಡಿಹಲಗೆಗಳನ್ನು ದೊಡ್ಡವರಿಗೆಲ್ಲ ಹಂಚಬೇಕು. ಯಾರು ಬರುತ್ತಾರೆಂದು ತಿಳಿಯುವವರೆಗೆ ಕಾಯುತ್ತ ಕೂತರೆ ಕೆಲಸ ಮುಗಿಯುವುದಿಲ್ಲ. ಹಾಗಾಗಿ ಬೇಸಿಗೆಯಲ್ಲೇ ನಿಲುವಂಗಿ, ಪೀಠ, ಆಟ ಶುರುಮಾಡಿಸಲು ಮೇಲೆತ್ತಿದ ಕರವಸ್ತ್ರ, ಕಾಲಡಿಯಲ್ಲಿ ಕರಡಿ ಕಾಳಗ, ಎಲ್ಲ ಕೆತ್ತಿ ಮುಗಿಸಿ, ತಲೆಯ ಜಾಗದಲ್ಲಿ ಒಂದು ಉಂಡೆ ಮಾತ್ರ ಉಳಿಸಿರುತ್ತಿದ್ದೆವು.

"ಹಿಂಗೆ ಮೊಟ್ಟೆ ತರ ಇದ್ದಾಗ್ಲೇ ಇವ್ರು ಚೆನ್ನಾಗಿರ್ತಾರೆ ಕಣೋ ಡೋರೋಸ," ಅನ್ನುತ್ತಿದ್ದ. "ಮೂಗು ಬಂತು ಅಂದ್ರೆ ಸೊಕ್ಕೂ ಬರುತ್ತೆ."

ಡೋರೋಸ್ ನಾನು. ಅವನು ಕೆತ್ತಿದ್ದನ್ನು ಮೀನಿನ ಒರಟು ಚರ್ಮದಿಂದ ಉಜ್ಜಿ ಹೊಳಪು ಕೊಡುವವನು. ಇಪ್ಪತ್ತಾರು ವರ್ಷ ಅವನ ಪಕ್ಕದಲ್ಲೇ ಕೂತು ಉಜ್ಜಿದ್ದೇನೆ. ಅವನಷ್ಟು ಆಳವಾಗಿ ಕೆತ್ತುವವರು ನಮ್ಮ ಬೀದಿಯಲ್ಲಿ ಯಾರೂ ಇರಲಿಲ್ಲ. ಅವನಷ್ಟು ಮುಂಗೋಪಿಯೂ ಇರಲಿಲ್ಲ.

ಆ ಕೋಪ ಹೆಚ್ಚಾಗಿ ಬೀಳುತ್ತಿದ್ದದ್ದು ಮಗ ಕೋನೋನನ ಮೇಲೆ. ಹದಿನೇಳರ ಹುಡುಗ, ತಾಯಿ ಇಲ್ಲದವನು. ಕೈ ಚೆನ್ನಾಗಿಯೇ ಇತ್ತು, ಅಪ್ಪ ಹತ್ತಿರ ಬಂದರೆ ಮಾತ್ರ ನಡುಗುತ್ತಿತ್ತು. ಒಂದು ದಿನ ಉಳಿ ಜಾರಿ ಒಂದು ಹಲಗೆ ಸೀಳಿಹೋಯಿತು. ಆರು ಜನರ ಎದುರಿಗೆ ಅಸ್ತೇರಿಯೋಸ್ ಅವನ ಕೆನ್ನೆಗೆ ಬಾರಿಸಿ, "ನನ್ನ ಕಣ್ಣೆದುರು ಇರ್ಬೇಡ, ಎಲ್ಲಾದ್ರೂ ಹಾಳಾಗ್ಹೋಗು," ಅಂದ. ಮೂರನೆಯ ದಿನ ಕಡಲಗೋಡೆಯ ಬುಡದಲ್ಲಿ ಬೆಸ್ತರಿಗೆ ಹುಡುಗನ ಹೆಣ ಸಿಕ್ಕಿತು. ಬರಿಗಾಲಲ್ಲಿತ್ತು.

"ಗೋಡೆ ಮೇಲೆ ಪಾಚಿ ಇತ್ತು, ಜಾರಿದಾನೆ. ಚಪ್ಪಲಿ ನೀರು ಕೊಂಡ್ಹೋಗಿದೆ," ಅಂತ ಅಸ್ತೇರಿಯೋಸ್ ಎಲ್ಲರಿಗೂ ಹೇಳಿದ. ಬೇರೆ ಥರ ಪಿಸುಗುಟ್ಟಿದ ಒಬ್ಬ ಬಣ್ಣಗಾರನ ಹಲ್ಲು ಉದುರಿಸಿದ. ತಮ್ಮ ಜೀವ ತಾವೇ ತೆಗೆದುಕೊಂಡವರ ಹೆಸರನ್ನು ನಮ್ಮ ಚರ್ಚಿನಲ್ಲಿ ಓದುವುದಿಲ್ಲ. ಉಳಿದ ಸತ್ತವರ ಹೆಸರುಗಳನ್ನು ಪ್ರತಿ ಭಾನುವಾರದ ಪೂಜೆಯಲ್ಲಿ ಪಾದ್ರಿ ಗಟ್ಟಿಯಾಗಿ ಓದುತ್ತಾರೆ, ಓದಿಸಿಕೊಂಡ ಆತ್ಮಕ್ಕೆ ದೇವರ ಮುಂದೆ ಜಾಗ. ಆ ಪಟ್ಟಿ ಬರೆದಿದ್ದದ್ದು ಯಾವನೋ ಸಾಹುಕಾರ ಚರ್ಚಿಗೆ ಕೊಟ್ಟಿದ್ದ ಹಳೆಯ ಜೋಡಿಹಲಗೆಯ ಒಳಮೈಯಲ್ಲಿ. ಹೊರಗೆ ಸಿಲ್ವಿನೋಸ್ ಎಂಬ ಕಾನ್ಸಲ್‌ನ ಚಿತ್ರ, ಅಸ್ತೇರಿಯೋಸನೇ ಕೆತ್ತಿದ್ದು. ಮುದಿ ಪಾದ್ರಿ ಹೆಚ್ಚು ಕೇಳಲಿಲ್ಲ. ಅಸ್ತೇರಿಯೋಸ್ ಕೇಳಿಕೊಂಡಂತೆ ಕೋನೋನನ ಹೆಸರನ್ನು ಎರಡೆರಡು ಸಲ ತಿದ್ದಿ, ಮಸಿ ತುಂಬಿ ದಪ್ಪಗೆ ಬರೆದರು. ಬೇಗ ಮಾಸಬಾರದಲ್ಲ.

ಆಮೇಲೆ ಆರು ವರ್ಷ ಅಸ್ತೇರಿಯೋಸ್ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಮಗನ ಹೆಸರು ಬಂದಾಗ ಕಣ್ಣು ಮುಚ್ಚುತ್ತಿದ್ದ, ದಾಟಿದ ಮೇಲೆ ಹೊರಟುಬಿಡುತ್ತಿದ್ದ. ಅವನು ಬದುಕಿದ್ದದ್ದೇ ಅದೊಂದನ್ನು ಕೇಳಲಿಕ್ಕೆ ಅಂತ ನನಗೆ ಅನಿಸುತ್ತಿತ್ತು.

ಏಳನೆಯ ವರ್ಷ ಸಿಲ್ವಿನೋಸ್ ರಾಜದ್ರೋಹದಲ್ಲಿ ಸಿಕ್ಕಿಬಿದ್ದು ತಲೆ ಕಳೆದುಕೊಂಡ. ಅವನ ಮುಖ ಊರಿನಲ್ಲಿ ಎಲ್ಲೂ ಉಳಿಯಕೂಡದೆಂದು ಅಪ್ಪಣೆಯಾಯಿತು. ಅಷ್ಟರಲ್ಲಿ ಚರ್ಚಿಗೆ ಎವ್ಲಾಲಿಯೋಸ್ ಎಂಬ ಹೊಸ ಪಾದ್ರಿ ಬಂದಿದ್ದರು, ಎಲ್ಲವನ್ನೂ ಕೆದಕಿ ಕೇಳುವ ಮನುಷ್ಯ. ಹಲಗೆ ತಂದು ನಮ್ಮ ಮುಂದಿಟ್ಟರು.

"ಮುಖ ಕೆರೆದು ಅಲ್ಲೇ ಒಬ್ಬ ಸಂತರ ಮುಖ ಕೆತ್ತಪ್ಪ. ಹಲಗೆ ಒಡೆದ್ರೆ ಪಟ್ಟಿನ ಹೊಸದಾಗಿ ಬರೀಬೇಕಾಗುತ್ತೆ. ವಿಚಾರ್ಸದೆ ನಾನು ಒಂದು ಹೆಸ್ರೂ ಬರಿಯಲ್ಲ."

ಅವರು ಹೋದ ಮೇಲೆ ಅಸ್ತೇರಿಯೋಸನ ಮುಖ ಬಿಳುಚಿಕೊಂಡಿತ್ತು. ಮುಖದ ಮೇಲೆ ಮುಖ ಕೆತ್ತಬೇಕಾದರೆ ಇನ್ನೂ ಆಳಕ್ಕೆ ಇಳಿಯಬೇಕು. ಇವನೋ ಆವತ್ತು ಜಂಬಕ್ಕೆ ಬಿದ್ದು ಮೊದಲೇ ಆಳ ಕೆತ್ತಿದ್ದ. ಸಿಲ್ವಿನೋಸನ ಗದ್ದದ ಬೆನ್ನಿಗೇ ಒಳಗಡೆ ಕೋನೋನನ ಹೆಸರಿತ್ತು.

ದಂತ ಎಷ್ಟು ದಪ್ಪ ಉಳಿದಿದೆಯೆಂದು ನೋಡಲು ನಾವು ಅದನ್ನು ಬಿಸಿಲಿಗೆ ಹಿಡಿಯುತ್ತೇವೆ. ತೆಳುವಾದ ಕಡೆ ಬೆಳಕು ಜೇನಿನಂತೆ ಹೊಳೆಯುತ್ತದೆ, ದಪ್ಪ ಇರುವ ಕಡೆ ಕಪ್ಪಾಗಿರುತ್ತದೆ. ನಾನು ಕಿಟಕಿಗೆ ಹಿಡಿದೆ.

"ಗದ್ದದ ಹತ್ರ ಕಪ್ಪಗಿದೆ ಅಣ್ಣ. ದಪ್ಪ ಇದೆ."

"ಸರಿಯಾಗಿ ನೋಡೋ."

"ನೋಡ್ದೆ. ಎಲ್ಲಕ್ಕಿಂತ ಅಲ್ಲೇ ದಪ್ಪ."

ಅವನೂ ನೋಡಿದ, ಉಸಿರು ಬಿಟ್ಟ. ನಾವು ಜೀವಮಾನವೆಲ್ಲ ಬಿಸಿಲಿಗೆ ಹಿಡಿದದ್ದು ಬರಹವಿಲ್ಲದ ಹಲಗೆಗಳನ್ನು. ಬೆಳಕನ್ನು ತಡೆದದ್ದು ದಂತವಲ್ಲ, ಹಿಂದಿನ ಮಸಿ ಅನ್ನುವುದು ಇಬ್ಬರು ಮುದಿ ಕಸುಬುದಾರರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ಇವತ್ತಿಗೂ ನೆನೆದರೆ ನನ್ನ ತಲೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಅವನು ಗದ್ದದ ಕೆಳಗೆ ಧೈರ್ಯವಾಗಿ ಉಳಿ ಇಳಿಸಿದ. ಚಿಟ್ ಎಂದು ಸದ್ದಾಯಿತು. ಬೆರಳು ತೂರುವಷ್ಟು ತೂತು ಬಿತ್ತು, ಹಲಗೆ ಉದ್ದಕ್ಕೂ ಬಿರುಕು ಬಿಟ್ಟಿತು. ಕಪ್ಪು ಮೆತ್ತಿದ ಪುಡಿ ಅವನ ತೊಡೆಯ ಮೇಲೆ ಉದುರಿತು. ಅವನು ಅದನ್ನು ಒಂದೊಂದೇ ಚೂರು ಆರಿಸಿ ಅಂಗೈಯಲ್ಲಿಟ್ಟುಕೊಂಡ. ನನ್ನನ್ನು ಬೈಯಲೂ ಇಲ್ಲ.

ಪಾದ್ರಿ ಎವ್ಲಾಲಿಯೋಸ್ ಹೊಸ ಪಟ್ಟಿ ಶುರುಮಾಡಿದರು. ಕೋನೋನನ ಸರದಿ ಬಂದಾಗ ಲೇಖನಿ ಕೆಳಗಿಟ್ಟರು.

"ಇವನ ವಿಷ್ಯದಲ್ಲಿ ಏನೇನೋ ಕೇಳಿದೀನಿ."

"ಜಾರಿಬಿದ್ದ ಸ್ವಾಮಿ," ಅಂದ ಅಸ್ತೇರಿಯೋಸ್.

"ನೋಡಿದವರು ಯಾರಾದ್ರೂ ಇದಾರಾ?"

"ನಾನಿದ್ದೆ," ಅಂದೆ. ಆರು ವರ್ಷದಲ್ಲಿ ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಅಸ್ತೇರಿಯೋಸ್ ಗಕ್ಕನೆ ನನ್ನ ಕಡೆ ತಿರುಗಿದ.

ಪಾದ್ರಿ ಸುವಾರ್ತೆಯ ಪುಸ್ತಕ ಮುಂದೆ ಸರಿಸಿದರು. "ಇದರ ಮೇಲೆ ಕೈಯಿಟ್ಟು ಹೇಳು. ಜಾರಿದ್ನಾ, ಹಾರಿದ್ನಾ?"

ನಾನು ಕೈಯಿಟ್ಟೆ. ಮಾತು ತಕ್ಷಣ ಬರಲಿಲ್ಲ. ಅಸ್ತೇರಿಯೋಸ್ ನನ್ನ ಮುಖವನ್ನೇ ನೋಡುತ್ತಿದ್ದ, ಬಿಸಿಲಿಗೆ ಹಿಡಿದ ದಂತವನ್ನು ನೋಡುವ ಹಾಗೆ.

"ಜಾರಿದ ಸ್ವಾಮಿ," ಅಂದೆ.

ಪಾದ್ರಿ ಬರೆದುಕೊಂಡರು. ನಾವಿಬ್ಬರೂ ಹೊರಗೆ ಬಂದೆವು. ಮೀನಿನ ಪೇಟೆ ದಾಟಿದ ಮೇಲೆ ಅಸ್ತೇರಿಯೋಸ್ ನಿಂತ.

"ಚಪ್ಪಲಿ ಎಲ್ಲಿದ್ವೋ?"

ನಾನು ಮುಂದೆ ನಡೆಯುತ್ತಲೇ ಇದ್ದೆ.

"ನಿನ್ನನ್ನೇ ಕೇಳ್ತಿರೋದು."

ದೇವರ ಪುಸ್ತಕದ ಮೇಲೆ ಕೈಯಿಟ್ಟು ಸುಳ್ಳು ಹೇಳಿ ಬಂದಿದ್ದ ನನಗೆ ಅವನೆದುರು ಸುಳ್ಳು ಹೇಳಲಾಗಲಿಲ್ಲ. "ಗೋಡೆ ಮೇಲೆ," ಅಂದೆ. "ಜೋಡಿಸಿಟ್ಟಿದ್ದ ಅಣ್ಣ. ನಾನು ದೂರದಿಂದ ಕೂಗೋದ್ರೊಳ್ಗೆ ಹೋಗ್ಬಿಟ್ಟ. ಯಾರಿಗೂ ತಿಳೀಬಾರ್ದು ಅಂತ ನಾನೇ ಅವನ್ನ ನೀರಿಗೆ ಎಸ್ದೆ."

ಅವನು ತಲೆ ಆಡಿಸಿದ. "ನಾನು ಹೊಡೆದ ದಿನಾನೇನಾ?"

"ಹೂಂ."

ಆ ಭಾನುವಾರ ಅಸ್ತೇರಿಯೋಸ್ ಪೂಜೆಗೆ ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ. ಅಂಗಡಿಯಲ್ಲಿ ಕೂತು ಮುಖವಿಲ್ಲದ ಕಾನ್ಸಲ್‌ಗಳನ್ನು ಕೆತ್ತುತ್ತಾನೆ, ಊಟ ಇಟ್ಟರೆ ತಿನ್ನುತ್ತಾನೆ, ಕೋಪ ಮಾಡುವುದಿಲ್ಲ. ಕೋನೋನನ ಹೆಸರನ್ನು ಈಗಲೂ ಪ್ರತಿ ವಾರ ಓದುತ್ತಾರೆ. ಕೇಳಲು ನಾನೊಬ್ಬನೇ ಹೋಗುತ್ತೇನೆ.