ಮಥುರಾಬಾಯಿಯ ಗಿಡ್ಡ ತೋಳು

ಬೈಲಹೊಂಗಲದ ಕಚೇರಿಯಲ್ಲಿ ಕಾರಕೂನರಾಗಿದ್ದ ಕೃಷ್ಣಾಜಿಪಂತರ ಎಡಗೈ ಬಲಗೈಗಿಂತ ಮೂರು ಬೆರಳು ಉದ್ದವಿದೆಯೆಂದು ಊರಲ್ಲಿ ಬಹಳ ಜನ ನಂಬಿದ್ದರು. ಕೈ ಸರಿಯಾಗಿಯೇ ಇತ್ತು. ಅಂಗಿ ಹೊಲಿದವರು ಅವರ ಹೆಂಡತಿ ಮಥುರಾಬಾಯಿ.

ಮಥುರಾಬಾಯಿಗೆ ಹೊಲಿಗೆಯ ಹುಚ್ಚು. ಹುಚ್ಚು ಎಂದೆನೇ ಹೊರತು ವಿದ್ಯೆ ಎಂದಿಲ್ಲ. ಕಿತ್ತೂರಿನ ತವರಿನಲ್ಲಿ ಅವರಿಗೆ ಯಾರೂ ಹೊಲಿಗೆ ಕಲಿಸಿರಲಿಲ್ಲ. ಅದನ್ನು ಯಾರೂ ಹೇಳಬೇಕಾಗಿರಲಿಲ್ಲ, ಅಂಗಿ ನೋಡಿದರೆ ಸಾಕಿತ್ತು. ಟೇಪು ಹಿಡಿದು ಅಳತೆ ತೆಗೆಯುವುದು ದರ್ಜಿಗಳ ಕೆಲಸ ಎಂಬುದು ಅವರ ಅಭಿಪ್ರಾಯ. ಎದುರಿಗೆ ನಿಂತವರನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಗೊತ್ತಾಯಿತು ಎಂದು ತಲೆಯಾಡಿಸಿ, ಕತ್ತರಿ ಎತ್ತಿಬಿಡುತ್ತಿದ್ದರು.

ಹೊಲಿಗೆಯ ಮಷೀನು ಇದ್ದದ್ದು ನಮ್ಮ ಓಣಿಯಲ್ಲಿ ಒಂದೇ ಮನೆಯಲ್ಲಿ. ಬಾಡಿಗೆ ಮೋಟಾರು ಓಡಿಸುತ್ತಿದ್ದ ಜಮಾಲಸಾಬರು ತಮ್ಮ ಹೆಂಡತಿ ರಹೀಮಬಿಗೆ ಕೈಯಿಂದ ತಿರುಗಿಸುವ ಮಷೀನೊಂದನ್ನು ತಂದುಕೊಟ್ಟಿದ್ದರು. ರಹೀಮಬಿ ನನ್ನ ವಯಸ್ಸಿನವಳೇ, ವಿಜಾಪುರದವಳು, ಮಾತು ಕಡಿಮೆ. ನಾನು ಹೆಣ್ಣುಮಕ್ಕಳ ಸಾಲೆಯಲ್ಲಿ ಮಾಸ್ತರತಿ. ಸಾಲೆ ಬಿಟ್ಟ ಮೇಲೆ ನಾನೂ, ಊಟ ಮುಗಿಸಿ ಮಥುರಾಬಾಯಿಯೂ ಆಕೆಯ ಪಡಸಾಲೆಗೆ ಬರುತ್ತಿದ್ದೆವು. ಮಥುರಾಬಾಯಿ ಬರುವಾಗ ಕೂಡಲು ತಮ್ಮ ಮನೆಯ ಮಣೆಯನ್ನೇ ಬಗಲಲ್ಲಿ ತರುತ್ತಿದ್ದರು. ಆ ಮನೆಯ ನೀರು ಕುಡಿಯುತ್ತಿರಲಿಲ್ಲ. ತಿರುಗಿ ಹೋದ ಮೇಲೆ ಸ್ನಾನ. ಆದರೆ ಆ ಮನೆಯ ಮಷೀನಿಗೆ, ದಾರಕ್ಕೆ, ಸೂಜಿಗೆ ಮೈಲಿಗೆ ಇರಲಿಲ್ಲ. ಈ ಶಾಸ್ತ್ರ ಬರೆದ ಮಹಾನುಭಾವರಿಗೂ ಹೊಲಿಗೆಯ ಹುಚ್ಚು ಇತ್ತೆಂದು ತೋರುತ್ತದೆ.

ಕೂತಲ್ಲಿ ಮಾತೆಂದರೆ ಕೆಟ್ಟುಹೋದ ಬಟ್ಟೆಗಳದೇ. ರಹೀಮಬಿ ಒಮ್ಮೆ ತಲೆದಿಂಬಿನ ಚೀಲಕ್ಕೆ ತನ್ನ ಸೆರಗನ್ನೂ ಸೇರಿಸಿ ಹೊಲಿದು, ಯಾರೋ ಕರೆದರೆಂದು ಎದ್ದಾಗ ಮಷೀನೂ ಜೊತೆಗೆ ಎದ್ದಿತ್ತು. ನಾನು ಒಂದು ಜಂಪರಿಗೆ ಎರಡೂ ಬಲಗೈ ತೋಳುಗಳನ್ನೇ ಹಚ್ಚಿದ್ದೆ. ನಾವಿಬ್ಬರೂ ನಗುತ್ತಿದ್ದೆವು, ಹೊಲಿಗೆ ಬಿಚ್ಚುತ್ತಿದ್ದೆವು. ಮಥುರಾಬಾಯಿ ಬಿಚ್ಚುತ್ತಿರಲಿಲ್ಲ. ಅವರ ಕೈಯಲ್ಲಿ ತಪ್ಪೇ ಆಗುತ್ತಿರಲಿಲ್ಲ. ಏನೇ ಆದರೂ ಅದು ಮುಂಬಯಿಯ ಮ್ಯೂಜಿಯಮ್ಮಿನಲ್ಲಿ ಮೊದಲೇ ಇರುತ್ತಿತ್ತು.

ಸಾವಿರದ ಒಂಬೈನೂರ ನಲವತ್ತೆಂಟರಲ್ಲಿ ಮೈದುನನ ಮಗನ ಮುಂಜಿವೆಗೆಂದು ಗಂಡನ ಜೊತೆ ಮುಂಬಯಿಗೆ ಹೋದಾಗ ಅವರು ಆ ಮ್ಯೂಜಿಯಂ ನೋಡಿ ಬಂದಿದ್ದರು. ಅಲ್ಲಿ ಗಾಜಿನ ಕಪಾಟಿನೊಳಗೆ ಯಾರೋ ಸರದಾರನ ಕೋಟು. ಕೆಂಪು ಮಖಮಲ್ಲು, ಅಂಚಿಗೆ ಜರಿ, ಎಡ ತೋಳು ಮೂರು ಬೆರಳು ಗಿಡ್ಡ. ಎಡಗೈಯಲ್ಲಿ ಢಾಲು ಹಿಡಿದು ಕತ್ತಿಯೇಟು ತಡೆಯುವಾಗ ತೋಳಿನ ತುದಿ ಸಿಕ್ಕಬಾರದೆಂದು ಹಾಗೆ ಹೊಲಿಯುತ್ತಿದ್ದರಂತೆ. ಕೃಷ್ಣಾಜಿಪಂತರು ಕಚೇರಿಯಲ್ಲಿ ಢಾಲು ಹಿಡಿಯುತ್ತಿರಲಿಲ್ಲ, ಕಾಗದ ಹಿಡಿಯುತ್ತಿದ್ದರು. ಅದು ಬೇರೆ ಮಾತು. ಅಂಗಿಯ ಕಿಸೆ ಬಗಲಿನ ಕೆಳಗೆ ಹೋದರೆ, ರಾಜರು ಗುಟ್ಟಿನ ಪತ್ರ ಇಡುತ್ತಿದ್ದುದೇ ಅಲ್ಲಿ. ಕಾಜಾ ಒಂದು ಕಡೆ, ಗುಂಡಿ ಒಂದು ಕಡೆ ಆದರೆ, ಹಿಂದಿನವರು ಓರೆ ಗುಂಡಿಯನ್ನೇ ಹಾಕುತ್ತಿದ್ದರು.

ಈ ಮಾತು ಬಂದಾಗ ರಹೀಮಬಿ ಮಷೀನಿನ ಗಾಲಿ ನಿಲ್ಲಿಸಿ ಕೇಳುತ್ತಿದ್ದಳು. ಆ ಕೋಟಿಗೆ ಗುಂಡಿ ಎಷ್ಟಿದ್ದವೆಂದು ಎಷ್ಟು ಸಲ ಕೇಳಿದ್ದಳೋ. ಮೊದಲ ವರ್ಷ ಏಳು ಇದ್ದವು, ಆಮೇಲೆ ಒಂಬತ್ತಾದವು. ಕಪಾಟಿನೊಳಗೆ ಬೀಗ ಹಾಕಿಟ್ಟ ಕೋಟಿಗೆ ಎರಡು ಗುಂಡಿ ಎಲ್ಲಿಂದ ಬಂದವೆಂದು ನಾನೊಬ್ಬಳೇ ಲೆಕ್ಕ ಇಟ್ಟಿದ್ದೆ. ಮಾಸ್ತರತಿಯ ಚಾಳಿ.

ನನಗೆ ನಿಜವಾಗಿ ಸಿಟ್ಟು ಬಂದದ್ದು ಸವದತ್ತಿ ಕಡೆಯಿಂದ ತಪಾಸಣೆಗೆ ಸಾಹೇಬರು ಬಂದ ದಿನ. ಮಥುರಾಬಾಯಿ ಪ್ರೀತಿಯಿಂದ ಹೊಲಿದುಕೊಟ್ಟ ಜಂಪರನ್ನು ನಾನು ಅಂದೇ ತೊಟ್ಟಿದ್ದೆ. ಹಲಗೆಯ ಮೇಲೆ ಬರೆಯಲು ಕೈ ಎತ್ತಿದೆ; ಬಗಲಿನ ಹೊಲಿಗೆ ಪರ್ ಎಂದು ಬಿಟ್ಟಿತು. ನಲವತ್ತು ಹುಡುಗಿಯರು ನಕ್ಕರು. ಸಾಹೇಬರು ಕಿಟಕಿಯ ಹೊರಗೆ ನೋಡಿದರು. ಸಂಜೆ ಮಥುರಾಬಾಯಿಗೆ ಹೇಳಿದರೆ, ಸರದಾರನ ಕೋಟಿನ ಬಗಲೂ ಬಿಟ್ಟಿತ್ತೆಂದು ಸಮಾಧಾನ ಹೇಳಿದರು. ಈ ಸರದಾರನನ್ನು ಒಂದು ದಿನ ಮುಗಿಸಿಯೇ ತೀರುತ್ತೇನೆಂದು ಅಂದೇ ನಿಶ್ಚಯಿಸಿದೆ.

ಐವತ್ಮೂರರ ಚಳಿಗಾಲದಲ್ಲಿ ದಾರಿ ಸಿಕ್ಕಿತು. ಜಮಾಲಸಾಬರು ರಹೀಮಬಿಯನ್ನು ತವರಿಗೆ ಕರೆದೊಯ್ಯುವವರಿದ್ದರು, ಮೋಟಾರಿನಲ್ಲಿ ಜಾಗ ಇತ್ತು. ವಿಜಾಪುರದಲ್ಲಿ ಒಳ್ಳೆಯ ಮ್ಯೂಜಿಯಂ ಇದೆ, ಮುಂಬಯಿ ನೋಡಿದವರು ಜೊತೆಗಿದ್ದರೆ ನಮಗೆ ಎಲ್ಲ ತಿಳಿಯುತ್ತದೆ ಎಂದು ನಾನು ಬೆಲ್ಲದಂಥ ದನಿಯಲ್ಲಿ ಹೇಳಿದೆ. ಮಥುರಾಬಾಯಿ ಕಾಲುನೋವು ಎಂದರು. ಪಂತರಿಗೆ ಗೋಲಗುಂಬಜ ನೋಡುವ ಆಸೆ, ಅವರು ಒಪ್ಪಿದರು. ಜಮಾಲಸಾಬರ ಮೋಟಾರಿಗೂ ಮೈಲಿಗೆ ಇಲ್ಲವೆಂದು ಅವರ ಶಾಸ್ತ್ರದಲ್ಲಿ ಆ ವಾರವೇ ಸಿಕ್ಕಿತು.

ಪಂತರು ಪರವೂರಲ್ಲಿ ಹೊರಗಿನದು ತಿನ್ನುವವರಲ್ಲ. ಅವರ ಮಡಿ ಧೋತರ, ಮನೆಯ ಅವಲಕ್ಕಿ, ಉಂಡಿಗಳೆಲ್ಲ ಉಣ್ಣೆಯ ಧಾಬಳಿಯಲ್ಲಿ ಸುತ್ತಿದ ಒಂದು ಗಂಟಿನಲ್ಲಿ ಇರುತ್ತಿದ್ದವು. ಆ ಗಂಟನ್ನು ಮನೆಯವರು ಬಿಟ್ಟು ಇನ್ನೊಬ್ಬರು ಮುಟ್ಟುವಂತಿಲ್ಲ, ನೆಲಕ್ಕೆ ಇಡುವಂತಿಲ್ಲ. ಮನೆಯವರು ಎಂದರೆ ಮಥುರಾಬಾಯಿ. ಯರಗಟ್ಟಿ, ರಾಮದುರ್ಗ ದಾಟಿ ವಿಜಾಪುರ ಮುಟ್ಟುವವರೆಗೆ ಅದು ಅವರ ತೊಡೆಯ ಮೇಲೇ ಇತ್ತು. ದಾರಿಯುದ್ದಕ್ಕೂ ನಾನು ಸರದಾರನ ಮಾತು ಎತ್ತಿದೆ. ಅವರು ಹೊಲಗಳನ್ನು ನೋಡುತ್ತ ಕೂತರು. ಗುಂಡಿಗಳ ಲೆಕ್ಕ ಮರೆತಿರಬೇಕೆಂದು ನನಗೆ ಒಳಗೊಳಗೇ ಖುಷಿ.

ಮರುದಿನ ಮುಂಜಾನೆ ಗೋಲಗುಂಬಜದ ಮುಂದಿನ ಮ್ಯೂಜಿಯಮ್ಮಿಗೆ ಹೋದೆವು. ರಹೀಮಬಿ ಗಂಡನಿಗೆ ಏನೋ ಹೇಳುತ್ತ ಮೋಟಾರಿನ ಹತ್ತಿರವೇ ನಿಂತಿದ್ದಳು. ಬಾಗಿಲಲ್ಲಿದ್ದ ಸಿಪಾಯಿ ಗಂಟು ಒಳಗೆ ಒಯ್ಯಬಾರದು ಎಂದ. ಪಂತರು ಯೋಚನೆಯನ್ನೂ ಮಾಡಲಿಲ್ಲ.

"ನೀ ಇಲ್ಲೇ ಕೂಡು, ಗಂಟು ನೋಡಕೋತ. ಮುಂಬಯಿಯೊಳಗ ಕೂತಿದ್ದೆಲ್ಲಾ, ಹಂಗ," ಎಂದು ಒಳಗೆ ನಡೆದುಬಿಟ್ಟರು.

ಮಥುರಾಬಾಯಿ ಕಟ್ಟೆಯ ಧೂಳನ್ನು ಸೆರಗಿನಿಂದ ಒರೆಸಿ ಕೂತರು, ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡರು. ನನ್ನ ಮುಖ ನೋಡಲಿಲ್ಲ. ನಾನು ಇಷ್ಟು ದೂರ ಬಂದದ್ದು ಇದನ್ನು ಕೇಳಲಿಕ್ಕೇ. ಕೈಯೆತ್ತದೆ ಗೆದ್ದಿದ್ದೆ. ಸಂತೋಷವಾಗಬೇಕಿತ್ತು, ನಾಚಿಕೆಯಾಯಿತು. ಐದು ವರ್ಷ ಅವರು ನಮಗೆ ಕಾಣಿಸಿದ ಮ್ಯೂಜಿಯಮ್ಮಿನ ಬಾಗಿಲನ್ನು ಅವರೇ ದಾಟಿರಲಿಲ್ಲ.

ಅಷ್ಟರಲ್ಲಿ ರಹೀಮಬಿ ಬಂದಳು. ಗಂಟಿನಿಂದಾಗಿ ಮಥುರಾಬಾಯಿ ಹೊರಗೆ ಉಳಿದಿದ್ದಾರೆಂದು ತಿಳಿದು ಕೈ ಚಾಚಿದಳು.

"ಇಲ್ಲೆ ಕೊಡ್ರಿ ಬಾಯಾರ, ನಾ ಹಿಡಕೊಂಡ ಕುಂದರತೇನಿ. ಇದು ನನ್ನ ತವರೂರು, ಹತ್ತ ಸಲ ನೋಡೇನಿ."

ಗಂಟು ಆಕೆಯ ಕೈಗೆ ಹೋದರೆ ಪಂತರ ಮಡಿ ಹೋಯಿತು, ಧೋತರ ಹೋಯಿತು, ಮಧ್ಯಾಹ್ನದ ಊಟವೂ ಹೋಯಿತು. ಆಕೆಗೂ ಇದು ಗೊತ್ತಿತ್ತು, ಆದರೂ ಚಾಚಿದ ಕೈ ಹಿಂದಕ್ಕೆ ತೆಗೆಯಲಿಲ್ಲ. ಮಥುರಾಬಾಯಿ ಬಾಗಿಲನ್ನು ನೋಡಿದರು, ಗಂಟನ್ನು ನೋಡಿದರು. ಆಮೇಲೆ ಕೊಟ್ಟುಬಿಟ್ಟರು. ನಾನು ಹಿಡಿಯುತ್ತೇನೆಂದು ನನ್ನ ಬಾಯಿಂದ ಮಾತ್ರ ಬರಲಿಲ್ಲ. ನಾನೂ ಒಳಗೆ ಹೋಗಬೇಕಿತ್ತಲ್ಲ.

ಒಳಗೆ ಕತ್ತಿ, ಕಲ್ಲು, ಜಮಖಾನೆ, ಪಿಂಗಾಣಿ ಯಾವುದನ್ನೂ ಮಥುರಾಬಾಯಿ ನಿಂತು ನೋಡಲಿಲ್ಲ. ನಿಲುವಂಗಿ ತೊಟ್ಟ ಯಾರೋ ಒಬ್ಬ ದೊಡ್ಡ ಮನುಷ್ಯನ ಹಳೆಯ ಚಿತ್ರದ ಮುಂದೆ ನಿಂತರು. ಬೆರಳುಗಳನ್ನು ಗಾಳಿಯಲ್ಲೇ ಹಿಡಿದು ಎಡ ತೋಳು ಅಳೆದರು, ಬಲ ತೋಳು ಅಳೆದರು. ಅವರು ಅಳತೆ ತೆಗೆದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಎರಡೂ ಸಮ ಅವ, ನರ್ಮದಾ," ಎಂದರು. ಕೈ ಇಳಿಸಿ ಹೇಳಿದರು: "ಕೆಂಪು ಕೋಟೊಂದು ಇತ್ತು ಅಂತ ಅವತ್ತ ಇವರು ಹೊರಗ ಬಂದು ಹೇಳಿದರು. ಅಷ್ಟs. ಉಳದದ್ದೆಲ್ಲಾ ನಾನs ಹೊಲಕೊಂಡೆ."

ಹೊರಗೆ ಬಂದಾಗ ರಹೀಮಬಿ ಗಂಟನ್ನು ಎರಡೂ ಕೈಗಳಿಂದ ಎತ್ತಿ ಹಿಡಿದೇ ಕೂತಿದ್ದಳು. ನೆಲಕ್ಕಿರಲಿ, ತೊಡೆಗೂ ತಾಗಿಸಿರಲಿಲ್ಲ. ಪಂತರು ನಮಗಿಂತ ಮೊದಲೇ ಬಂದು, ಆಕೆಯ ಕೈಯಲ್ಲಿ ತಮ್ಮ ಊಟವನ್ನು ಕಂಡು, ಕಟ್ಟೆಯ ಆ ತುದಿಗೆ ಕೂತಿದ್ದರು. ಏನಾದರೂ ಮಾತಾಡಬೇಕಲ್ಲ ಎಂದು ನಾನು ರಹೀಮಬಿಯನ್ನು ಕೇಳಿದೆ: ಹತ್ತು ಸಲ ನೋಡಿದವಳು ನೀನು, ಒಳಗೆ ನಿನಗೆ ಯಾವುದು ಭಾಳ ಸೇರುತ್ತದೆ?

"ಕೆಂಪ ಮಖಮಲ್ಲಿನ ಕೋಟ ಐತೆಲ್ರಿ ಅಕ್ಕಾರ," ಎಂದಳು ರಹೀಮಬಿ. "ಎಡಗಡಿ ತೋಳ ಗಿಡ್ಡ. ಗುಂಡಿ ಒಂಬತ್ತು."

ಒಳಗೆ ಕೆಂಪು ಕೋಟು ಇರಲಿಲ್ಲ. ಗುಂಬಜದ ಹಿಂದಿನ ಓಣಿಯಲ್ಲಿ ಹುಟ್ಟಿ ಬೆಳೆದವಳು ಆ ಬಾಗಿಲನ್ನು ಒಮ್ಮೆಯೂ ದಾಟಿರಲಿಲ್ಲ. ಆಕೆ ನೋಡಿದ್ದ ಮ್ಯೂಜಿಯಂ ಎಂದರೆ ತನ್ನ ಪಡಸಾಲೆಯಲ್ಲಿ ಮಥುರಾಬಾಯಿ ತೋರಿಸಿದ್ದೊಂದೇ.

ಮಥುರಾಬಾಯಿ ಗಂಟನ್ನು ಆಕೆಯ ಕೈಯಿಂದ ತೆಗೆದುಕೊಂಡರು, ಹೋಗಿ ಗಂಡನ ತೊಡೆಯ ಮೇಲೆ ಇಟ್ಟರು. ಮೈಲಿಗೆಯಾಗಿದೆ ಎಂದು ಪಂತರು ಎರಡೂ ಕೈ ಮೇಲೆತ್ತಿದರು.

"ಆಗೇದಲ್ಲಾ, ಇನ್ನ ಯಾರು ಹಿಡದರೇನು. ನೀವs ಹಿಡೀರಿ," ಎಂದು ರಹೀಮಬಿಯ ಕೈ ಹಿಡಿದುಕೊಂಡು ಮತ್ತೆ ಒಳಗೆ ಹೋದರು.

ನಾನು ಪಂತರ ಬದಿಗೆ ಕೂತೆ. ಜಮಾಲಸಾಬರು ಎರಡು ಸಲ ಹಾರ್ನು ಬಾರಿಸಿದರು. ಒಳಗಿನವರು ಬರಲಿಲ್ಲ. ಅರ್ಧ ತಾಸಾದ ಮೇಲೆ ಬಂದರು. ರಹೀಮಬಿಯ ಮುಖ ಕೆಂಪಗಾಗಿತ್ತು.

"ಅಲ್ರಿ ಅಕ್ಕಾರ, ಅಲ್ಲಿ ಚಿತ್ರದಾಗಿನವಂದು ಎರಡೂ ತೋಳ ಸಮ ಅದಾವಲ್ರಿ," ಎಂದು ಆಕೆ ನನ್ನನ್ನೇ ಕೇಳಿದಳು. ಮಥುರಾಬಾಯಿ ತಲೆ ತಗ್ಗಿಸಿ ನಿಂತರು. ಜಂಪರಿನ ಬಗಲು ನನಗೆ ನೆನಪಾಯಿತು, ನಲವತ್ತು ಹುಡುಗಿಯರ ನಗೆಯೂ.

"ಅವಾ ಢಾಲು ಹಿಡಿಯೋ ಪೈಕಿ ಅಲ್ಲವ್ವಾ," ಎಂದೆ ನಾನು. "ಕಚೇರಿಯೊಳಗ ಕಾರಕೂನ ಇದ್ದಿರಬೇಕು."

ಪಂತರು ಆ ದಿನವನ್ನು ಬಾಳೆಹಣ್ಣಿನ ಮೇಲೆ ಕಳೆದರು. ಊರಿಗೆ ಬಂದ ಮೇಲೆ ಮಥುರಾಬಾಯಿ ರಹೀಮಬಿಯ ಟೇಪು ತೆಗೆದುಕೊಂಡು ಗಂಡನ ಎರಡೂ ಕೈ ಅಳೆದು ಹೊಸ ಅಂಗಿ ಹೊಲಿದರು. ವಿಜಾಪುರದಲ್ಲಿ ಯಾರೋ ಹಕೀಮನ ಔಷಧದಿಂದ ಪಂತರ ಕೈ ನೆಟ್ಟಗಾಯಿತೆಂದು ಊರಲ್ಲಿ ಸುದ್ದಿಯಾಯಿತು. ರಹೀಮಬಿಯ ಮನೆಯ ನೀರನ್ನಂತೂ ಮಥುರಾಬಾಯಿ ಕೊನೆಯವರೆಗೂ ಕುಡಿಯಲಿಲ್ಲ. ಆದರೆ ಮಣೆ ತರುವುದನ್ನು ಮರೆತರು, ನಾವಿಬ್ಬರೂ ನೆನಪು ಮಾಡಲಿಲ್ಲ.