ರುಚಿ ನೋಡದ ಸಾರು

ನಮ್ಮದು ಪೂಜೆಯ ಮನೆತನ. ನಾನು ಬೈಲಹೊಂಗಲದಲ್ಲಿ ಶಾಲೆಯ ಮಾಸ್ತರನಾಗಿದ್ದರೂ, ನೈವೇದ್ಯಕ್ಕೆ ಮೊದಲು ಅಡುಗೆಯ ರುಚಿ ನೋಡಬಾರದೆಂಬ ಮನೆಯ ನೇಮ ಬಿಟ್ಟಿಲ್ಲ. ಹೆಂಡತಿ ದೇಗಾಂವದ ತವರಿಗೆ ಹೋಗಿದ್ದ ಒಂದು ಭಾನುವಾರ ನಾನೇ ಅಡುಗೆ ಮಾಡಿದೆ. ಸಾರಿಗೆ ಎರಡು ಸಲ ಉಪ್ಪು ಹಾಕಿದ್ದು ಗೊತ್ತೇ ಆಗಲಿಲ್ಲ. ಎಲೆಯ ಸುತ್ತ ಒಂದು ಚಮಚ ನೀರು ತಿರುಗಿಸಿ, ದೇವರಿಗೆ ನೈವೇದ್ಯ ತೋರಿಸಿ, ಏಳು ವರ್ಷದ ಮಗಳಿಗೆ ಬಡಿಸಿದೆ. ಮೊದಲ ತುತ್ತಿಗೇ ಅವಳು ಮುಖ ಸಿಂಡರಿಸಿದಳು.

“ಅಪ್ಪಾ, ಉಪ್ಪ ಭಾಳ ಆಗೇದ. ದೇವರು ಏನೂ ಅನ್ನಲಿಲ್ಲೇನು?”

ತಪ್ಪು ಒಪ್ಪಿಕೊಳ್ಳುವುದು ಬಿಟ್ಟು ನಾನು ಮಾಸ್ತರಿಕೆ ಶುರು ಮಾಡಿದೆ. “ದೇವರು ನಮ್ಮೆಲ್ಲಾರ ಅಪ್ಪ. ಮಕ್ಕಳು ಏನ್ ಮಾಡಿ ಕೊಟ್ರೂ ಛಲೋ ಅದ ಅಂತ ಉಣ್ತಾನ. ಮೊನ್ನೆ ನೀ ಮಾಡಿದ ಚಪಾತಿ ನಾ ತಿನ್ನಲಿಲ್ಲೇನು? ಹಂಗ.”

“ಅಂದ್ರ ನನ್ನ ಚಪಾತಿ ಛಲೋ ಇರಲಿಲ್ಲೇನು?”

ಸಿಕ್ಕಿಬಿದ್ದೆ. ಒಳಗೆಲ್ಲ ಹಸಿಯಾಗಿದ್ದ ಆ ಚಪಾತಿಯನ್ನು ಅವಳ ಮುಖ ಬಾಡಬಾರದೆಂದು ಚೆನ್ನಾಗಿದೆ ಎನ್ನುತ್ತ ತಿಂದಿದ್ದೆ. ನನ್ನ ಸುಳ್ಳಿನ ಕಾರಣ ನನಗೆ ಗೊತ್ತಿತ್ತು. ಆದರೆ ದೇವರು ಯಾಕೆ ಸುಮ್ಮನಿರುತ್ತಾನೆಂಬುದು, ಒಂದು ಮಗುವಿನ ಅಪ್ಪನಾದ ಮಾತ್ರಕ್ಕೆ ನನಗೆ ಹೇಗೆ ತಿಳಿದೀತು?

“ಚಪಾತಿ ಹಸಿ ಇತ್ತವಾ. ದೇವರದು ನನಗ ಗೊತ್ತಿಲ್ಲ,” ಎಂದೆ.

ಅವಳು ಮುನಿಸಿಕೊಳ್ಳಲಿಲ್ಲ. ಎದ್ದು ಹೋಗಿ, ದೊಡ್ಡ ಲೋಟದ ತುಂಬ ನೀರು ತಂದು ದೇವರ ಮುಂದೆ ಇಟ್ಟಳು.

“ಅಷ್ಟು ಉಪ್ಪ ಉಂಡಾನ. ಬಾಯಿಬಿಟ್ಟು ಕೇಳೂದಿಲ್ಲ ಪಾಪ, ನೀರಡಿಕಿ ಆಗಿರ್ತದ.”