ರಾಯಣ್ಣನ ಎಡಗೈ ಗಿಟಾರ್

ಹೊಸಪೇಟೆ ಸೀಮೆಯಲ್ಲಿ ಪಂಪ್‌ಸೆಟ್ ಸುಟ್ಟರೆ ರೈತರು ಮೊದಲು ತಮ್ಮ ಹಣೆಬರಹಕ್ಕೆ ಬೈಯುತ್ತಾರೆ, ಆಮೇಲೆ ಮೋಟಾರನ್ನು ಟಂಟಂ ಗಾಡಿಗೆ ಏರಿಸಿಕೊಂಡು ಹನುಮೇಶನ ಅಂಗಡಿಗೆ ಬರುತ್ತಾರೆ. ಮಲಪನಗುಡಿಯ ಹನುಮೇಶನಿಗೆ ಈಗ ಐವತ್ತು ದಾಟಿದೆ. ಮೋಟಾರ್ ವೈಂಡಿಂಗ್ ಅವನ ಹೊಟ್ಟೆಪಾಡು, ಗಿಟಾರ್ ಅವನ ಹುಚ್ಚು. ಅಂಗಡಿಯ ಒಂದು ಮೊಳೆಗೆ ತಾಮ್ರದ ಕಾಯಿಲ್ ತೂಗಿದರೆ ಪಕ್ಕದ ಮೊಳೆಗೆ ಗಿಟಾರ್ ತೂಗುತ್ತದೆ. ಬಾಳೆತೋಟದ ಪಾಲಪ್ಪ ಒಮ್ಮೆ ಅದನ್ನು ದಿಟ್ಟಿಸಿ, "ಇದು ಎಷ್ಟು ಎಚ್‌ಪಿದಪಾ?" ಎಂದು ಕೇಳಿದ್ದ.

"ಇದರಾಗ ನೀರು ಬರಂಗಿಲ್ಲ ಮಾವ. ಬಂದ್ರ ಕಣ್ಣಾಗ ಬರ್ತಾವು" ಎಂದ ಹನುಮೇಶ. ನಗುತ್ತ ಹೇಳಿದ ಮಾತೇ, ಆದರೆ ಪೂರ್ತಿ ಸುಳ್ಳಲ್ಲ.

ಇಂಥ ಹುಚ್ಚು ಅವನೊಬ್ಬನಿಗೇ ಇದ್ದಿದ್ದರೆ ಯಾರಾದರೂ ಬುದ್ಧಿ ಹೇಳಿ ಬಿಡಿಸುತ್ತಿದ್ದರೇನೋ. ಅವನೂ ಸೇರಿ ಹುಚ್ಚರು ಮೂವರಿದ್ದಾರೆ. ಒಬ್ಬ ಪ್ರಭಂಜನ, ಬ್ಯಾಂಕಿನ ಅಧಿಕಾರಿ, ವೈಷ್ಣವರ ಮನೆಯ ಮಗ. ಇನ್ನೊಬ್ಬ ಮೈಲಾರಲಿಂಗಪ್ಪ, ಕುರೆಕುಪ್ಪದವನು, ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ಆಪರೇಟರ್. ತಿಂಗಳಿಗೊಂದು ಭಾನುವಾರ ಮೂವರೂ ಹೊಸಪೇಟೆಯಲ್ಲಿ ಪ್ರಭಂಜನನ ಮನೆಯ ಮಾಳಿಗೆಯ ಮೇಲೆ ಸೇರುತ್ತಾರೆ. ತಂತಮ್ಮ ಗಿಟಾರುಗಳನ್ನು ಚಾಪೆಯ ಮೇಲೆ ಮಲಗಿಸಿ, ಹೆಣ್ಣು ನೋಡಲು ಬಂದವರ ಹಾಗೆ ಸುತ್ತ ಕೂರುತ್ತಾರೆ.

ಆ ಚಾಪೆಗೆ ಒಂದು ಕಟ್ಟಳೆ ಇದೆ. ಗಿಟಾರ್ ತಂದವನು ಅದನ್ನು ಬಾರಿಸುವಂತಿಲ್ಲ. ಅದರ ಕಥೆ ಹೇಳಬೇಕು, ಅಷ್ಟೇ. ಬಾರಿಸುವವರು ಬೇರೆಯವರು. ತನ್ನ ಕೂಸು ತನಗೆ ಯಾವಾಗಲೂ ಮುದ್ದು, ಇನ್ನೊಬ್ಬರ ಕೈಯಲ್ಲಿ ಅದು ಹೇಗೆ ನುಡಿಯುತ್ತದೆ ನೋಡೋಣ ಎಂಬುದು ಲೆಕ್ಕ. ಯಾರ ಕೈಗೂ ಹತ್ತದೆ ಸುಮ್ಮನೆ ತೂಗುವ ವಾದ್ಯಕ್ಕೆ ಅವರು ಇಟ್ಟ ಹೆಸರು 'ಗೋಡೆ ಗಿಟಾರ್'. ಅದು ಬೈಗುಳ.

ಪ್ರಭಂಜನನ ಹತ್ತಿರ ದುಬಾರಿ ಗಿಟಾರುಗಳಿವೆ. ನಮ್ಮ ಬಿಸಿಲಿಗೆ ಮರ ಒಣಗಿ ಬಿರಿಯಬಾರದೆಂದು ಅವನ್ನಿಟ್ಟ ಕೋಣೆಯಲ್ಲಿ ಬೋಗುಣಿಗಟ್ಟಲೆ ನೀರು ಇಟ್ಟಿರುತ್ತಾನೆ. ಅವನ ತಾಯಿ ಭೀಮಾಬಾಯಿ ಅವಲಕ್ಕಿ ತಂದಿಟ್ಟು, "ಬೆಕ್ಕಿಗೂ ಇಷ್ಟು ನೀರು ಇಟ್ಟವನಲ್ಲ ಇವ" ಎಂದು ಗೊಣಗುತ್ತಾರೆ. ಮೈಲಾರಲಿಂಗಪ್ಪನದು ಚಿಕ್ಕ ಗಿಟಾರ್. ಹಂಪಿಯ ಗೆಸ್ಟ್ ಹೌಸಿನಲ್ಲಿ ಯಾರೋ ಪರದೇಶಿ ಹುಡುಗಿ "ಮುಂದಿನ ಸೀಜನ್ನಿಗೆ ಬರ್ತೀನಿ" ಎಂದು ಬಿಟ್ಟು ಹೋದದ್ದು. ಸೀಜನ್ನುಗಳು ಬಂದವು, ಅವಳು ಬರಲಿಲ್ಲ. ಈಗ ಅದರ ಸಂದುಗಳಲ್ಲಿ ಅದಿರಿನ ಕೆಂಪು ಧೂಳು ಕೂತಿದೆ, ಎಷ್ಟು ಒರೆಸಿದರೂ ಹೋಗದು. ಹನುಮೇಶ ತರುವುದು ತಾನೇ ಜೋಡಿಸಿದ ಎಲೆಕ್ಟ್ರಿಕ್ ಗಿಟಾರುಗಳನ್ನು. ತಂತಿಯ ದನಿ ಹಿಡಿಯುವ ಕಾಯಿಲನ್ನು ಅವನೇ ಕೂದಲೆಳೆಯ ತಾಮ್ರದಲ್ಲಿ ಸುತ್ತುತ್ತಾನೆ. ಒಂದೊಂದು ಸಲ ಅವು ಮೋಟಾರಿನಂತೆಯೇ ಗುಂಯ್ ಎನ್ನುವುದೂ ಉಂಟು.

ಆದರೆ ಅವನು ಎಂದೂ ಆ ಚಾಪೆಗೆ ತರದ ಗಿಟಾರ್ ಒಂದಿತ್ತು. ರಾಯಣ್ಣನದು.

ರಾಯಣ್ಣ ಬೋರ್ಡು ಬರೆಯುವವನು. ಫ್ಲೆಕ್ಸ್ ಬರುವ ಮೊದಲು ಹೊಸಪೇಟೆಯ ಅರ್ಧ ಅಂಗಡಿಗಳ ಹೆಸರು ಅವನ ಕೈಯಲ್ಲೇ ಹುಟ್ಟಿದ್ದವು. ಆ ಕೈ ಎಡಗೈ. ತಾಯಿ ಭರಮಮ್ಮ ಚಿಕ್ಕಂದಿನಲ್ಲಿ ಅದಕ್ಕೆ ಬಟ್ಟೆ ಕಟ್ಟಿ ನೋಡಿದಳು, ಬರೆ ಹಾಕುತ್ತೇನೆಂದು ಹೆದರಿಸಿದಳು, ಏನೂ ನಡೆಯಲಿಲ್ಲ. ಕೊನೆಗೆ ತಾಯಿ ಮಗ ಒಂದು ರಾಜಿಗೆ ಬಂದರು: ಉಣ್ಣುವುದು ಬಲಗೈ, ದುಡಿಯುವುದು ಎಡಗೈ. ಗಣಪತಿ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಅವನು ಗಿಟಾರ್ ಬಾರಿಸುತ್ತಿದ್ದ. ಎಡಗೈಯವರ ಗಿಟಾರ್ ನಮ್ಮೂರಲ್ಲಿ ಎಲ್ಲಿ ಸಿಗಬೇಕು? ಸಾದಾ ಗಿಟಾರನ್ನೇ ತಿರುಗಿಸಿ ಹಿಡಿದು, ತಂತಿಗಳನ್ನು ಅದಲುಬದಲು ಮಾಡಿದ. ಕತ್ತಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ ಇರುತ್ತದಲ್ಲ, ಹಳೆಯದರ ಕೊರೆಗಳು ಈ ತಂತಿಗಳಿಗೆ ಒಗ್ಗಲಿಲ್ಲ. ಭರಮಮ್ಮನ ಮುರಿದ ಕೊಂಬಿನ ಬಾಚಣಿಗೆಯನ್ನು ಅರದಿಂದ ತಿಕ್ಕಿ ಹೊಸ ಪಟ್ಟಿ ಮಾಡಿಕೊಂಡ. ಕೊನೆಗೆ ಗಿಟಾರಿನ ಎದೆಯ ಮೇಲೆ, ತಾನು ಹಿಡಿದಾಗ ನೆಟ್ಟಗೆ ಕಾಣುವ ಹಾಗೆ, ಒಂದು ಹರಿಗೋಲು ಬರೆದ, ಒಳಗೆ ಹುಟ್ಟು ಹಾಕುವ ಒಬ್ಬ ಮನುಷ್ಯ, ಕೆಳಗೆ ಎರಡು ನೀಲಿ ಗೆರೆಯ ಹೊಳೆ.

ಹನುಮೇಶ ಆಗ ವೈಂಡಿಂಗ್ ಕಲಿಯುತ್ತಿದ್ದ ಹುಡುಗ, ಪಕ್ಕದ ಶೆಡ್ಡಿನವನು. ಟರ್ಪೆಂಟೈನ್ ವಾಸನೆಯ ನಡುವೆ ಇಬ್ಬರೂ ಎರಡು ಡಬ್ಬಗಳ ಮೇಲೆ ಎದುರುಬದುರು ಕೂರುತ್ತಿದ್ದರು.

"ಕನ್ನಡಿ ನೋಡಿ ತಲಿ ಬಾಚ್ಕೊಂಡಂಗ, ನನ್ನ ನೋಡಿ ಬಾರ್ಸು" ಎನ್ನುತ್ತಿದ್ದ ರಾಯಣ್ಣ.

ನಿಜಕ್ಕೂ ಅದು ಕನ್ನಡಿಯೇ. ಎಡಗೈಯವ ಎದುರು ಕೂತರೆ ಬಲಗೈಯವನಿಗೆ ತಲೆಯಲ್ಲಿ ಏನನ್ನೂ ತಿರುಗಿಸಿಕೊಳ್ಳುವ ಕಷ್ಟವಿಲ್ಲ. ಕಂಡದ್ದನ್ನು ಕಂಡ ಹಾಗೆ ಮಾಡಿದರಾಯಿತು. ಮೊದಲು ಕಲಿತದ್ದು ರಾಯಣ್ಣ ತಾನೇ ಕಟ್ಟಿದ ಒಂದು ಪುಟ್ಟ ಧಾಟಿ. ಬೋರ್ಡಿಗೆ ಮೊದಲ ಸಲ ಬಣ್ಣ ಬಳಿದು, ಅದು ಒಣಗುವ ತನಕ ಬಾರಿಸುತ್ತಿದ್ದದ್ದು. ಅದಕ್ಕೆ 'ಫಸ್ಟ್ ಕೋಟ್' ಎಂದೇ ಹೆಸರು. ಗಿರಾಕಿಗಳು ಬಂದು ಅವಸರ ಮಾಡಿದರೆ ರಾಯಣ್ಣ ತಲೆ ಎತ್ತದೆ, "ಬಣ್ಣ ಇನ್ನೂ ಹಸಿ ಐತ್ರಿ, ಇರ್ಲಿ ಬಿಡ್ರಿ" ಎಂದು ಇನ್ನೊಂದು ಸುತ್ತು ಬಾರಿಸುತ್ತಿದ್ದ. ಎಷ್ಟೋ ಬೋರ್ಡುಗಳು ಒಣಗಿ ಗರಿಗರಿಯಾಗಿದ್ದರೂ ಈ ಮಾತು ಕೇಳಿ ಒಂದು ದಿನ ತಡವಾಗಿ ಮನೆಗೆ ಹೋಗಿವೆ.

ಮಗಳು ಭಾಗ್ಯಳ ಮದುವೆಯಾದ ಮರುವರ್ಷ ರಾಯಣ್ಣ ತೀರಿಕೊಂಡ. ಹೆಂಡತಿ ಉಚ್ಚೆಂಗಮ್ಮ ಕಂಪ್ಲಿಗೆ, ಮಗಳ ಮನೆಗೆ ಹೊರಡುವಾಗ ಗಿಟಾರನ್ನು ಹನುಮೇಶನ ಕೈಗೆ ಕೊಟ್ಟಳು. ಅಂದಿನಿಂದ ಅದು ಅವನ ಮನೆಯಲ್ಲಿ ತೂಗುತ್ತಿದೆ. ಅವನು ಎತ್ತಿಕೊಂಡರೆ ತಂತಿಗಳೆಲ್ಲ ಬುಡಮೇಲು. ಬೇರೆ ಯಾರಿಗೂ ಅದು ಬಾರದು. ಚಾಪೆಗೆ ತಂದರೆ ಗೆಳೆಯರು ಗೋಡೆ ಗಿಟಾರ್ ಅಂದುಬಿಟ್ಟಾರು, ಆ ಮಾತು ತನಗೆ ತಡೆಯಲಾಗದು ಎಂದು ಅವನು ತರಲೇ ಇಲ್ಲ. ವರ್ಷಕ್ಕೊಮ್ಮೆ, ಮಹಾಲಯ ಅಮಾವಾಸ್ಯೆಗೆ, ಅದನ್ನು ಕಂಪ್ಲಿಗೆ ಒಯ್ಯುತ್ತಾನೆ. ಅಂದು ಸತ್ತವರಿಗೆ ಪ್ರೀತಿಯಾದದ್ದನ್ನು ಫೋಟೋದ ಮುಂದೆ ಎಡೆ ಇಡುವುದು ಪದ್ಧತಿ. ರಾಯಣ್ಣನ ಮುಂದೆ ಹೋಳಿಗೆ, ಮಿರ್ಚಿ, ಒಂದು ಬ್ರಷ್ಷು, ಈ ಗಿಟಾರ್. ಸಂಜೆಗೆ ಹೋಳಿಗೆ ಮನೆಯವರ ಹೊಟ್ಟೆಗೆ, ಗಿಟಾರ್ ಮತ್ತೆ ಹನುಮೇಶನ ಗೋಡೆಗೆ.

ಈ ವರ್ಷದ ಬಿಸಿಲಿಗೆ ಅದರ ಹೊಟ್ಟೆ ಬಿರಿಯಿತು. ಬೇರೆ ದಾರಿ ಕಾಣದೆ ಹನುಮೇಶ ಮೊದಲ ಸಲ ಅದನ್ನು ಚಾಪೆಗೆ ಒಯ್ದು ಕಥೆ ಹೇಳಿದ. ಯಾರೂ ಗೋಡೆ ಗಿಟಾರ್ ಅನ್ನಲಿಲ್ಲ. ಮೈಲಾರಲಿಂಗಪ್ಪ ಹರಿಗೋಲಿನ ಮೇಲೆ ಮೆಲ್ಲಗೆ ಬೆರಳಾಡಿಸಿದ. "ಇಷ್ಟು ವರ್ಷ ಇಟ್ಕೊಂಡೀನಿ, ನನ್ನ ಕೈಗೇ ಬರಂಗಿಲ್ಲ ನೋಡ್ರಿ" ಎಂದು ಹನುಮೇಶ ಅಂದದ್ದು ಪ್ರಭಂಜನನ ಮನಸ್ಸಿಗೆ ನಾಟಿತು. ಹುಬ್ಬಳ್ಳಿಯಲ್ಲಿ ಒಬ್ಬ ಒಳ್ಳೆಯ ರಿಪೇರಿಯವನಿದ್ದಾನೆ, ತಾನೇ ಒಯ್ಯುತ್ತೇನೆ ಎಂದ.

ಅಮಾವಾಸ್ಯೆಗೆ ವಾರವಿದೆ ಎನ್ನುವಾಗ ಗಿಟಾರ್ ಬಂತು. ಮಾಳಿಗೆಯ ಚಾಪೆಯ ಮೇಲೆ ಪ್ರಭಂಜನ ಅದನ್ನು ಪೆಟ್ಟಿಗೆಯಿಂದ ತೆಗೆದು, ಹಬ್ಬದ ಮುಖ ಮಾಡಿಕೊಂಡು, ಹನುಮೇಶನ ತೊಡೆಯ ಮೇಲೆ ಇಟ್ಟ.

"ಬಾರಿಸು. ಇವತ್ತು ಕಟ್ಟಳಿ ಮುರಿದ್ರೂ ಅಡ್ಡಿ ಇಲ್ಲ."

ಬಿರುಕು ಮಾಯವಾಗಿತ್ತು. ತಂತಿಗಳು ಹೊಸವು, ಫಳಫಳ ಹೊಳೆಯುತ್ತಿದ್ದವು. ಹನುಮೇಶ ಸುಮ್ಮನೆ ಬೆರಳಿಟ್ಟು ಒಮ್ಮೆ ಎಳೆದ. ತಟ್ಟನೆ ಕೈಗೆ ಹತ್ತಿತು. ಇಷ್ಟು ವರ್ಷ ಬಗ್ಗದಿದ್ದ ಗಿಟಾರ್ ಹೇಗೆ ಹತ್ತಿತು ಎಂದು ಬಗ್ಗಿ ನೋಡಿದ. ತಂತಿಗಳು ಬಲಗೈಯವರ ಸಾಲಿಗೆ ಬಂದಿದ್ದವು. ಬಾಚಣಿಗೆಯ ಪಟ್ಟಿ ಇದ್ದ ಜಾಗದಲ್ಲಿ ಬೆಳ್ಳನೆಯ ಹೊಸ ಪಟ್ಟಿ. ಎದುರಿಗೆ ಕೂತ ಮೈಲಾರಲಿಂಗಪ್ಪ ಗಿಟಾರಿನ ಎದೆಯನ್ನೇ ನೋಡುತ್ತಿದ್ದ. ಬಲಗೈಗೆ ಹಿಡಿದ ಗಿಟಾರಿನಲ್ಲಿ ಹರಿಗೋಲು ಬೋರಲು ಬಿದ್ದಿತ್ತು. ಮನುಷ್ಯ ತಲೆಕೆಳಗಾಗಿದ್ದ, ಹೊಳೆ ಅವನ ಮೇಲಿತ್ತು.

"ಏನ್ ಮಾಡ್ಸಿದ್ರಿ ಇದು?" ಎಂದ ಹನುಮೇಶ.

"ಕಂಪನಿಯವ್ರು ಮಾಡಿದಂಗ ಸರಿ ಮಾಡಿಸೀನಿ. ನಿನ್ನ ಕೈಗೆ ಬರಂಗಿಲ್ಲ ಅಂದಿದ್ದೆಲ್ಲೋ. ನೀ ಬಾರಿಸ್ಲಿ ಅಂತ…"

"ನಾನು ಬಾರ್ಸಾಕ ಇದು ನಂದಲ್ರಿ! ರಾಯಣ್ಣಂದು. ಅವ್ನ ಗಿಟಾರ್ ಇದ್ದಿದ್ದೇ ಉಲ್ಟಾ. ಉಲ್ಟಾ ತಗದ್ರ ಇದರಾಗ ರಾಯಣ್ಣ ಎಲ್ಲದಾನ?"

ಒಳ್ಳೆಯದು ಮಾಡಲು ಹೋಗಿ ಹೀಗಾದಾಗ ಮನುಷ್ಯನಿಗೆ ಕೈ ಎಲ್ಲಿ ಇಡಬೇಕೆಂದು ತೋಚುವುದಿಲ್ಲ. ಪ್ರಭಂಜನ ಗಿಟಾರ್ ಪೆಟ್ಟಿಗೆಯ ಜೇಬು ತಡಕಿ ಒಂದು ಬೆಂಕಿಪೊಟ್ಟಣ ತೆಗೆದುಕೊಟ್ಟ. ರಿಪೇರಿಯವನು ಬಿಸಾಡದೆ ವಾಪಸ್ ಕೊಟ್ಟಿದ್ದ ಹಳೆಯ ಪಟ್ಟಿ ಅದರಲ್ಲಿತ್ತು. ಹನುಮೇಶ ಅದನ್ನೂ ಗಿಟಾರನ್ನೂ ತೆಗೆದುಕೊಂಡು, ಅವಲಕ್ಕಿ ಮುಟ್ಟದೆ, ಮೆಟ್ಟಿಲು ಇಳಿದುಬಿಟ್ಟ. ಭೀಮಾಬಾಯಿ ಕೆಳಗಿಂದ, "ಊಟಕ್ಕ ನಿಲ್ಲೋ" ಎಂದು ಕೂಗಿದ್ದು ಕೇಳಿಸಿದರೂ ನಿಲ್ಲಲಿಲ್ಲ.

ನಾಲ್ಕು ದಿನ ಅಂಗಡಿಯಲ್ಲಿ ಗಿರಾಕಿಗಳ ಮೋಟಾರುಗಳು ಕಾದವು. ಹನುಮೇಶ ಹೊಸ ಪಟ್ಟಿ ಕಿತ್ತು ಬಾಚಣಿಗೆಯ ಪಟ್ಟಿ ಕೂರಿಸಿದ, ತಂತಿಗಳನ್ನು ಮತ್ತೆ ತಿರುವುಮುರುವು ಕಟ್ಟಿದ. ಎರಡು ವೈರು ಅದಲುಬದಲಾಗಿ ಉಲ್ಟಾ ತಿರುಗುವ ಪಂಪನ್ನು ಸರಿ ಮಾಡುವುದು ಅವನ ನಿತ್ಯದ ಕೆಲಸ. ಸರಿ ಇದ್ದದ್ದನ್ನು ಉಲ್ಟಾ ಮಾಡಿದ್ದು ಜೀವನದಲ್ಲಿ ಇದೇ ಮೊದಲು. ಮುಗಿದ ಮೇಲೆ ಮೊಳೆಗೆ ತೂಗುಹಾಕಿ ನೋಡಿದ. ಮೊದಲಿನ ಹಾಗೇ ಆಗಿತ್ತು. ಮೊದಲಿನ ಹಾಗೇ ಅದು ಯಾರಿಗೂ ಬಾರದ ಗಿಟಾರೂ ಆಗಿತ್ತು. ಇದೆಲ್ಲ ಯಾರಿಗಾಗಿ ಎಂದು ಅನ್ನಿಸಿ ಸಂಕಟವಾಯಿತು.

ಅಮಾವಾಸ್ಯೆಯ ಬೆಳಿಗ್ಗೆ ಮೈಲಾರಲಿಂಗಪ್ಪ ಕಾರು ತಂದ. ಹಿಂದಿನ ಸೀಟಿನಲ್ಲಿ ಇನ್ನೊಂದು ಗಿಟಾರ್ ಪೆಟ್ಟಿಗೆ ಇತ್ತು. ಪ್ರಭಂಜನನ ಎಲ್ಲಕ್ಕಿಂತ ದುಬಾರಿ ಗಿಟಾರ್. ನೀರಿನ ಬೋಗುಣಿಗಳ ಆ ಮನೆ ಬಿಟ್ಟು ಎಂದೂ ಹೊರಗೆ ಕಾಲಿಟ್ಟದ್ದಲ್ಲ.

"ಇವತ್ತು ಅವ್ರ ಮನ್ಯಾಗೂ ಹಿರೇರ ಕಾರ್ಯ ಐತಿ, ಬರಾಕ ಆಗಂಗಿಲ್ಲಂತ. ರಾಯಣ್ಣನ ಮುಂದ ನೀನು ಬಾರ್ಸಬೇಕಂತ, ಇದ್ರಾಗ. ನಾನೂ ಬೆಳಗಿಂದ ಇದನ್ನ ಹೊತ್ಕೊಂಡು ಉಸ್ರು ಬಿಗಿ ಹಿಡದೀನಿ ಮಾರಾಯ" ಎಂದ ಮೈಲಾರಲಿಂಗಪ್ಪ. ಹನುಮೇಶನ ಸಿಟ್ಟು ಅಲ್ಲಿಗೇ ಇಳಿಯಿತು.

ಕಂಪ್ಲಿಯಲ್ಲಿ ಭಾಗ್ಯಳ ಮನೆಯ ಪಡಸಾಲೆ ಅವಳ ಟೇಲರಿಂಗ್ ಅಂಗಡಿಯೂ ಹೌದು. ಮಷಿನ್ ಪಕ್ಕಕ್ಕೆ ಸರಿಸಿ ಫೋಟೋ ಇಟ್ಟಿದ್ದರು. ಎಡೆಯಾಯಿತು, ಊಟವಾಯಿತು. ಹನುಮೇಶ ಎಂದಿನಂತೆ ರಾಯಣ್ಣನ ಗಿಟಾರ್ ಎತ್ತಿಕೊಳ್ಳಲು ಬಗ್ಗಿದಾಗ ಉಚ್ಚೆಂಗಮ್ಮ ತಡೆದಳು.

"ವರ್ಷಾ ಹೇಳ್ಬೇಕಂತೀನಿ, ಬಾಯಿ ಬರಂಗಿಲ್ಲ. ಎಡೀ ಇಟ್ಟಿದ್ದು ಮನಿಯವ್ರು ಉಣ್ಣಬೇಕಪಾ. ಇದೊಂದು ಹಂಗೇ ವಾಪಸ್ ಹೊಕ್ಕೈತಿ. ಅವ್ನಿಗೆ ಮುಟ್ಟತೈತೋ ಇಲ್ಲೋ."

"ಉಣ್ಣವ್ರು ಯಾರಕ್ಕ? ಎಡಗೈಯವ್ರು ಬೇಕಲ್ಲ ಇದಕ್ಕ."

ಉಚ್ಚೆಂಗಮ್ಮ ಅವನನ್ನೇ ನೋಡಿದಳು. "ಭಾಗ್ಯ ಯಾವ ಕೈಲೆ ಬಟ್ಟಿ ಕತ್ತರಸ್ತಾಳ ಅಂತ ನೀನು ಒಮ್ಮೆರ ನೋಡಿಯೇನು?"

ಅವನು ನೋಡಿರಲಿಲ್ಲ. ವರ್ಷಕ್ಕೊಮ್ಮೆ ಬರುತ್ತಿದ್ದ, ಅವಳು ಬಡಿಸುವುದನ್ನೂ ಉಣ್ಣುವುದನ್ನೂ ನೋಡಿದ್ದ. ಅದು ಬಲಗೈ. ಭರಮಮ್ಮನ ರಾಜಿ ಮೊಮ್ಮಗಳಿಗೂ ಬಂದಿತ್ತು. ಮಷಿನ್ ಮೇಲೆ ಬಿದ್ದಿದ್ದ ದೊಡ್ಡ ಕತ್ತರಿಯನ್ನು ಈಗ ನೋಡಿದ. ರಾಯಣ್ಣ ಎಲ್ಲಿಂದಲೋ ಹುಡುಕಿ ಮಗಳಿಗೆ ತಂದುಕೊಟ್ಟ ಎಡಗೈ ಕತ್ತರಿ ಅದು ಎಂದಳು ಉಚ್ಚೆಂಗಮ್ಮ.

"ಅಪ್ಪ ನಿಮಗ ಕಲಸೋವಾಗ ನಾನು ಬ್ರಷ್ ತೊಳಿತಿದ್ದೆ ಕಾಕಾ" ಎಂದಳು ಭಾಗ್ಯ. "ನನಗೂ ಕಲಸಂತ ಕೇಳ್ದೆ. ಮುಂದಿನ ವರ್ಷ, ಬೆರಳು ಉದ್ದ ಆಗ್ಲಿ ಅಂದ. ಆಮ್ಯಾಲ ನನ್ನ ಓದು, ಮದಿವಿ…"

ಹನುಮೇಶನಿಗೆ ಅಳು ಬಂತು. ಈ ಗಿಟಾರಿಗೆ ಕೈಯೇ ಇಲ್ಲ ಎಂದುಕೊಂಡಿದ್ದ, ಆ ಕೈಯವಳು ವರ್ಷ ವರ್ಷ ತನಗೇ ಹೋಳಿಗೆ ಬಡಿಸಿದ್ದಳು. ಕಣ್ಣು ಒರೆಸಿಕೊಂಡು ಎರಡು ಸ್ಟೂಲು ಎಳೆದು ಎದುರುಬದುರು ಹಾಕಿದ. ಅವಳ ತೊಡೆಯ ಮೇಲೆ ರಾಯಣ್ಣನ ಗಿಟಾರ್ ಇಟ್ಟ. ತಾನು ಪ್ರಭಂಜನನ ಗಿಟಾರ್ ತೆಗೆದುಕೊಂಡ.

"ಕನ್ನಡಿ ನೋಡಿ ತಲಿ ಬಾಚ್ಕೊಂಡಂಗ, ನನ್ನ ನೋಡಿ ಬಾರ್ಸವ್ವ."

ಅವನು ಒಂದು ಸ್ವರ ಬಾರಿಸಿ ನಿಲ್ಲಿಸುವನು, ಅವಳು ಹುಡುಕುವಳು. ಸೂಜಿಗೆ ಪಳಗಿದ ಬೆರಳು ತಂತಿಗೆ ಹೆದರಲಿಲ್ಲ. ಎರಡನೆಯದು ತಪ್ಪಿತು, ನಾಲ್ಕನೆಯದು ಗೊಗ್ಗರಾಯಿತು, ಮತ್ತೆ ಮೊದಲಿನಿಂದ. ಮೈಲಾರಲಿಂಗಪ್ಪ ಬಾಗಿಲಲ್ಲಿ ಕೂತು ತಲೆದೂಗುತ್ತಿದ್ದ. ಎಷ್ಟೋ ಸಲ ಎಡವಿದ ಮೇಲೆ, ಕುಂಟುತ್ತ ಕುಂಟುತ್ತ, 'ಫಸ್ಟ್ ಕೋಟ್'ನ ಮೊದಲ ಸಾಲು ಆ ಗಿಟಾರಿನಿಂದ ಬಂತು. ಹನುಮೇಶ ತಲೆಯೆತ್ತಿದ. ಎದುರಿಗೆ ಹರಿಗೋಲು ನೆಟ್ಟಗೆ ನಿಂತಿತ್ತು, ಹುಟ್ಟು ಹಾಕುವವನ ತಲೆ ಮೇಲಿತ್ತು, ಹೊಳೆ ಕೆಳಗಿತ್ತು. ಅದರ ಮೇಲೆ ಆಡುತ್ತಿದ್ದದ್ದು ರಾಯಣ್ಣನ ಎಡಗೈ. ಬಳೆ ಹಾಕಿಕೊಂಡಿತ್ತು, ಅಷ್ಟೇ.

ಉಚ್ಚೆಂಗಮ್ಮ ಗೋಡೆಗೊರಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು.

ಹೊರಡುವ ಹೊತ್ತಿಗೆ ಮೈಲಾರಲಿಂಗಪ್ಪನ ಫೋನಿಗೆ ಪ್ರಭಂಜನನ ಕರೆ ಬಂತು. ಹನುಮೇಶನೇ ಅದನ್ನು ಕಿತ್ತುಕೊಂಡು, "ನಿಮ್ಮ ಗಿಟಾರ್ ಆರಾಮ ಐತ್ರಿ, ಈಗ ತರ್ತೀನಿ. ಅವಲಕ್ಕಿ ಹಚ್ಚಿ ಇಡಾಕ ಹೇಳ್ರಿ ಅವ್ವಾರಿಗೆ" ಎಂದ. ಆಮೇಲೆ ಒಂದೇ ಪೆಟ್ಟಿಗೆ ಹಿಡಿದುಕೊಂಡು ಕಾರಿನತ್ತ ನಡೆದ.

"ಲೇ ಹನುಮೇಶಾ, ರಾಯಣ್ಣಂದು ಇಲ್ಲೇ ಬಿಟ್ಟಿ ನೋಡೋ" ಎಂದು ಉಚ್ಚೆಂಗಮ್ಮ ಬಾಗಿಲಿಂದ ಕೂಗಿದಳು.

ಹನುಮೇಶ ಹಿಂದಿರುಗಿ ನೋಡಲಿಲ್ಲ, ನೋಡಿದರೆ ಮತ್ತೆ ಅಳು ಬರುತ್ತಿತ್ತು.

"ಬಣ್ಣ ಇನ್ನೂ ಹಸಿ ಐತಕ್ಕ" ಎಂದ. "ಇರ್ಲಿ ಬಿಡು."